ಜೀನಗಾರ

ಟಾಂಗಾದ ಕುದುರಿಗೆ ಕಡೇ ಜೀನು ಹೊಲಿದು
ಹನ್ನೊಂದು ವರ್ಷಾತು.
ಈಗ ಬ್ಯಾಗಿನ ಝಿಪ್ಪು, ಹೆಲ್ಮೆಟ್ಟಿನ ಪಟ್ಟಿ,
ಒಮ್ಮೊಮ್ಮೆ ತಬಲಾದ ಬದ್ದಿ.
ಶಾಪೂರ ದರ್ವಾಜಾದ ಕಡೆ ಬಂದ್ರ ನನ್ನ ಬೋರ್ಡು ಕಾಣತೈತಿ,
ಅಂಬಾಜಿ ಜೀನಗಾರ.
'ಜೀ' ಬಿಸಲಿಗೆ ಅಳಿಸಿ ಬರೇ 'ನಗಾರ' ಉಳದೈತಿ,
ಸಾಲಿ ಹುಡುಗ್ರು ನಗಾರಿ ಕಾಕಾ ಅಂತಾವು.

ಮೊನ್ನೆ ಒಬ್ಬಾಕಿ ಬಂದಳು, ಜಬೀನ್ ಇನಾಮದಾರ.
ಊರ ಕೆಳಗಿನ ಹಳೇ ನೀರ ಸುರಂಗ ಅಳಿಯೂದು ಆಕಿ ಕೆಲಸ.
ಮೈತುಂಬ ಕಂಪ್ಯೂಟರ್:
ಹಣಿಗೆ ಕ್ಯಾಮೆರಾ, ಮುಂಗೈಗೆ ಅಂಗೈಯಗಲ ಪರದೆ,
ಬೆನ್ನಿಗೆ ಎರಡೂವರೆ ಕಿಲೋದ ಡಬ್ಬಿ,
ಎಲ್ಲಾ ಕೂಡಸಾಕ ಎಮ್ಮಿ ಬಾಲದಂಥಾ ವೈರು.
"ಕಾಕಾ, ನನಗ ಎರಡೂ ಕೈ ಖಾಲಿ ಬೇಕು,
ಏಣಿ ಹಿಡೀಬೇಕು, ಗ್ವಾಡಿ ಹಿಡೀಬೇಕು.
ಇದು ಕಂಪನಿ ಕೊಟ್ಟ ಪಟ್ಟಿ,
ತಾಸಿನ್ಯಾಗ ಕುತ್ತಿಗಿ ಬೆಂಕಿ."

ಮುಟ್ಟಿ ನೋಡಿದೆ. ನೈಲಾನು. ಅಂಚು ಬ್ಲೇಡು.
ಯಾರೋ ಮೇಜಿನ ಮ್ಯಾಲ ಇಟ್ಟು ಹೊಲಿದದ್ದು,
ಮೈಮ್ಯಾಲ ಇಟ್ಟಲ್ಲ.

"ಎಲ್ಲಿ ನೋವು?"
"ಎಲ್ಲಾ ಕಡೆ."
ಎಲ್ಲಾ ಕಡೆ ಅನ್ನೂ ನೋವು ಇರೂದಿಲ್ಲ ಮಗಳ.
ಕುದುರಿ ಬಾಯಿಬಿಟ್ಟು ಹೇಳೂದಿಲ್ಲ, ಕೂದಲಾ ಹೇಳತಾವು,
ಜೀನು ತಿಂದ ಜಾಗಾದಾಗ ಬೆಳ್ಳಗ ಹುಟ್ಟತಾವು.
ದಸ್ತಗೀರನ ಕರೀ ಕುದುರಿ ಚಾಂದನಿಗೆ
ಹೆಗಲ ಮ್ಯಾಲ ಎಂಟಾಣೆಯಷ್ಟು ಬಿಳೀ ಕಲೆ ಇತ್ತು.
ನನ್ನ ಕೈದು. ನನ್ನ ಮೊದಲನೇ ಜೀನು.
"ಹೆಸರಿಗೆ ತಕ್ಕಂಗ ಚಂದ್ರನ್ನ ಮೂಡಿಸಿದಿ" ಅಂತ ಅಂವ ನಗತಿದ್ದ.
ಅದು ಚೌಕದಾಗ ಎದುರು ಬಂದಾಗೆಲ್ಲಾ
ನಾ ಸೈಕಲ್ಲು ಇಳದು ಬ್ಯಾರೆ ಓಣಿ ಹಿಡೀತಿದ್ದೆ,
ಹದಿನೇಳು ವರ್ಷ.

ಪಟ್ಟಿಗೆಲ್ಲಾ ಸೀಮೆಸುಣ್ಣ ತಿಕ್ಕಿ, ಆಕಿಗೆ ಕಟ್ಟಿ,
"ಬಸ್‌ಸ್ಟ್ಯಾಂಡಿನ ತನಕ ಹೋಗಿ ಬಾ" ಅಂದೆ.
ತಿರುಗಿ ಬಂದಾಗ ನೀಲಿ ಕುರ್ತಾದ ಮ್ಯಾಲ
ನೋವು ತನ್ನ ನಕಾಶೆ ತಾನ ಬರದಿತ್ತು.

ಮೊದಲನೇದು ಹೊಲಿದೆ, ಕೂಡಾಕ ಬರಲಿಲ್ಲ.
ಎರಡನೇದು ಓಢಣಿ ತಿಂತು.
ಮೂರನೇದು ನೋಡಾಕ ಛಂದಿತ್ತು,
ಬಗ್ಗಿದ್ರ ಕ್ಯಾಮೆರಾ ಮುಗಿಲು ನೋಡತಿತ್ತು.

ನಾಕನೇದಕ್ಕ ಅಟ್ಟದ ಗಂಟು ಬಿಚ್ಚಿದೆ.
ಭಾರ ಕುತ್ತಿಗಿದಲ್ಲ, ಟೊಂಕದ್ದು;
ಇದು ನಮ್ಮಪ್ಪ ಕಲಿಸಿದ್ದಲ್ಲ,
ನಳಾ ಬರೂಕಿಂತ ಮೊದಲು ಬಾವಿಂದ ನೀರು ತಂದ
ನಮ್ಮವ್ವನ ನಡಗಿ ಕಲಿಸಿದ್ದು.
ಡಬ್ಬಿ ಬಿಸಿ ಉಗುಳತೈತಿ, ಅದಕ್ಕ ಒಳಗ ಕಂಬಳಿ;
ನಡುವ ಬೆನ್ನಹುರಿಗೆ ಗಾಳ್ಯಾಡೂವಷ್ಟು ಓಣಿ.
ಜೀನು ಅಂದ್ರ ತೊಗಲಲ್ಲ, ಬಿಟ್ಟ ಜಾಗಾ.
ವೈರು ಹಾಯಾಕ ಲಗಾಮಿನ ಹಿತ್ತಾಳಿ ಕಡಗ,
ಇನ್ನೂ ಕುದುರಿ ವಾಸನಿ ಬರತೈತಿ.
ಎಡಕ್ಕ ಒಂದು ಕೊಂಡಿ, ಎಳದ್ರ ಪೂರಾ ಕಳಚತೈತಿ.
ಕತ್ತಲದಾಗ ಎಲ್ಲ್ಯರ ಸಿಕ್ಕೊಂಡ್ರ
ಯಂತ್ರ ಅಲ್ಲೇ ಇರಲಿ, ನೀ ಹೊರಗ ಬಾ.

ಕೊಡೂಕಿಂತ ಮೊದಲು ನಾನ ಕಟ್ಟಿಕೊಂಡೆ.
ಚಾ ಕುಡದೆ, ಎರಡು ಝಿಪ್ಪು ಹಾಕಿದೆ,
ದಾರದ ಅಂಗಡ್ಯಾಂವನ ಕೂಡ ಜಗಳಾ ತಗದೆ,
ಮಧ್ಯಾಹ್ನ ಮನಿಗೆ ಹೋಗಿ ರೊಟ್ಟಿ ಮುರದೆ.
ಕಮಳಾಬಾಯಿ ಪಲ್ಲೆ ಬಡಸಾಕ ಬಂದಾಕಿ ನಿಂತಳು.
"ಬೆನ್ನಿಗೇನದು?"
"ಎಲ್ಲಿ?" ಅಂದೆ.

ಸೌಟು ಅಲ್ಲೇ ಹಿಡಕೊಂಡು ನಕ್ಕಳು, ಪಲ್ಲೆ ಚೆಲ್ಲುವಂಗ.
ನಾ ಕೈ ಹಿಂದ ಹಾಕಿ ಮುಟ್ಟಿದೆ.
ಇತ್ತು.

ಜಬೀನ್‌ಗೆ ಆರನೂರಾ ಐವತ್ತು ಹೇಳಿದೆ, ಕಂಬಳಿದು ಹಿಡೀಲಿಲ್ಲ.
ಆಮ್ಯಾಲೆ ಆಕಿ ಬಂದಿಲ್ಲ.
ಬರದಿದ್ರ ಬಲ ಆತು, ಜೀನಿನ ಗಿರಾಕಿ ತಿರುಗಿ ಬರಬಾರದು.
ನನ್ನ ಅಂಗಡಿ ಕೆಳಗೂ ಒಂದು ಸುರಂಗ ಹೋಗತೈತಂತ,
ಆಕಿನ ಹೇಳಿದ್ದು.

ಬೋರ್ಡು ಬರಿಯಾಂವನ್ನ ಕೇಳಿದೆ, 'ಜೀ' ಒಂದಕ್ಕ ಎಷ್ಟು ಅಂತ.
"ಒಂದ ಅಕ್ಷರ ಬರಿಯೂದಿಲ್ರೀ, ಬರಸಿದ್ರ ಪೂರಾ ಬೋರ್ಡು" ಅಂದ.
ವಿಚಾರ ಮಾಡತೀನಿ ಅಂದೀನಿ.